ಪ್ರಖ್ಯಾತ್ ಮಾಡಿಸದ ಪರೀಕ್ಷೆ

ಕಾಪುವಿನ ಪ್ರಖ್ಯಾತ್‌ಗೆ ಶಾಮಿಯಾನದ ವ್ಯಾಪಾರ. ಸುತ್ತಮುತ್ತ ಯಾರ ಮನೆಯಲ್ಲಿ ಸೀಮಂತವಿದ್ದರೂ ಚಪ್ಪರ, ಕುರ್ಚಿ ಅವನದೇ. ಆದರೆ ಅವನ ಹೆಂಡತಿ ನಿಖಿತಾ ಸೀಮಂತಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ಮದುವೆಯಾಗಿ ಏಳು ವರ್ಷ. "ಎಂತ, ಇನ್ನೂ ವಿಶೇಷ ಇಲ್ಲವಾ?" ಎಂದು ಕೇಳುವವರ ನಡುವೆ ಕೂರುವುದು ಅವಳಿಗೆ ಸಾಕಾಗಿತ್ತು.

ಹರಕೆ ಹೇಳಿದ್ದಾಯಿತು. ಕಾರ್ಕಳದ ಕಡೆಯಿಂದ ತಂದ ನಾಟಿ ಮದ್ದು ಕುಡಿದದ್ದಾಯಿತು. ಮಾತ್ರೆ, ಇಂಜೆಕ್ಷನ್, ಸ್ಕ್ಯಾನಿಂಗ್, ಕೊನೆಗೆ ಹೊಟ್ಟೆಯೊಳಗೆ ನೋಡಬೇಕೆಂದು ಒಂದು ಆಪರೇಷನ್ನೂ ಆಯಿತು. "ಗಂಡನ ಪರೀಕ್ಷೆಯೂ ಆಗಬೇಕು" ಎಂದ ಡಾಕ್ಟರ ಬಳಿಗೆ ಮಾತ್ರ ಅವರು ಮತ್ತೆ ಹೋಗಲಿಲ್ಲ.

ಈಗ ದೂರದ ಒಂದು ಕ್ಲಿನಿಕ್ಕಿನ ಜಾಹೀರಾತು ನೋಡಿ, ಟೆಸ್ಟ್‌ಟ್ಯೂಬ್ ಮಗುವಿನ ಚಿಕಿತ್ಸೆಯ ಮುಂಗಡಕ್ಕೆಂದು ನಿಖಿತಾ ತವರಿನವರು ಹಾಕಿದ ಚಿನ್ನದ ಬಳೆಗಳನ್ನು ತೆಗೆದಿಟ್ಟಿದ್ದಳು. ಅದು ತಿಳಿದು ಪಕ್ಕದ ಮನೆಯ ನಾಝಿಯಾ ಬಂದಳು. ಅವಳು ಉಡುಪಿಯ ಆಸ್ಪತ್ರೆಯೊಂದರಲ್ಲಿ ನರ್ಸ್.

"ನಿಖಿತಾ, ದುಡ್ಡು ಕಟ್ಟುವ ಮೊದಲು ಒಂದು ಕೇಳ್ತೇನೆ, ಬೇಸರ ಮಾಡಬೇಡ. ಪ್ರಖ್ಯಾತಣ್ಣನ ವೀರ್ಯ ಪರೀಕ್ಷೆ ಆಗಿದೆಯಾ?"

ಉತ್ತರ ಕೊಟ್ಟದ್ದು ಅತ್ತೆ ವಿನೋದಾ.

"ಅವನಿಗೆ ಎಂತ ಪರೀಕ್ಷೆ ಮಾರಾಯ್ತಿ? ಇಬ್ಬರ ಕೆಲಸ ಒಬ್ಬನೇ ಮಾಡ್ತಾನೆ. ಹೆರುವುದು ಹೆಂಗಸಲ್ವಾ?"

"ಹೆರುವುದು ಹೆಂಗಸೇ ಆಂಟಿ. ಆದರೆ ಮಗು ಆಗಲಿಕ್ಕೆ ಇಬ್ಬರೂ ಬೇಕಲ್ವಾ? ಮೈಯಲ್ಲಿ ಬಲ ಇದ್ದವರಿಗೂ ವೀರ್ಯದಲ್ಲಿ ತೊಂದರೆ ಇರಬಹುದು. ಅದಕ್ಕೂ ಗಂಡಸುತನಕ್ಕೂ ಸಂಬಂಧ ಇಲ್ಲ. ಕಡಿಮೆ ಖರ್ಚಿನ ಪರೀಕ್ಷೆ ಅದು. ಕೊಯ್ಯಲಿಕ್ಕೆ ಇಲ್ಲ, ಚುಚ್ಚಲಿಕ್ಕೆ ಇಲ್ಲ."

ಅಲ್ಲೇ ಕುಳಿತಿದ್ದ ಪ್ರಖ್ಯಾತ್ ಎದ್ದು ಅಂಗಳಕ್ಕೆ ಹೋದ. ನಿಖಿತಾ ಹಿಂದೆಯೇ ಹೋದಳು.

"ನನ್ನ ಹೊಟ್ಟೆ ಕೊಯ್ಯುವಾಗ ನೀವು ಹೊರಗೆ ಬೆಂಚಿನಲ್ಲಿ ಕುಳಿತಿದ್ದಿರಿ. ಒಂದು ಪರೀಕ್ಷೆ ಮಾಡಿಸಿದರೆ ನಿಮ್ಮ ಮರ್ಯಾದೆ ಹೋಗ್ತದಾ?"

ಅವಳು ಅಳಲಿಲ್ಲ. ಅಳದೆ ಕೇಳಿದ್ದರಿಂದಲೇ ಅವನಿಗೆ ಹೆದರಿಕೆಯಾಯಿತು.

ಮುಂದಿನ ವಾರ ಇಬ್ಬರೂ ಮಣಿಪಾಲದ ಆಸ್ಪತ್ರೆಗೆ ಹೋದರು. ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲವೆಂದು ಬಂತು. ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿದಾಗಲೂ ಅದೇ.

"ಹುಡುಗನಾಗಿದ್ದಾಗ ಕೆನ್ನೆ ಬಾತುಕೊಳ್ಳುವ ಮಂಗನಬಾವು ಆಗಿತ್ತಾ?" ಎಂದು ಡಾಕ್ಟರು ಕೇಳಿದರು.

"ಆಗಿತ್ತು, ಹೈಸ್ಕೂಲಿನಲ್ಲಿ. ಕೆಳಗೂ ಬಾತಿತ್ತು. ನಾಚಿಕೆಯಿಂದ ಅಮ್ಮನಿಗೂ ಹೇಳಲಿಲ್ಲ."

"ಆ ಬಾವು ವೃಷಣಕ್ಕೆ ಇಳಿದದ್ದರಿಂದ ಆಗಿರಬಹುದು, ಖಂಡಿತ ಎನ್ನಲಾಗದು. ಸಣ್ಣ ಆಪರೇಷನ್ ಮಾಡಿ ಅಲ್ಲೇ ವೀರ್ಯಾಣು ಹುಡುಕುವ ದಾರಿ ಉಂಟು. ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ಸಿಕ್ಕಿದರೂ ಟೆಸ್ಟ್‌ಟ್ಯೂಬ್ ಚಿಕಿತ್ಸೆ ಬೇಕು, ಲಕ್ಷಗಟ್ಟಲೆ ಖರ್ಚು. ನಿಖಿತಾ ಅವರಿಗೆ ಈಗ ಮೂವತ್ತೇಳು, ಅಂಡಗಳೂ ಕಡಿಮೆಯಾಗಿವೆ. ದಾನಿಯ ವೀರ್ಯ, ದತ್ತು, ಇವನ್ನೂ ಯೋಚಿಸಿ. ಮದುವೆಯಾದ ಹೊಸತರಲ್ಲೇ ಬಂದಿದ್ದರೆ ಇದಕ್ಕಿಂತ ಒಳ್ಳೆಯ ಮಾತು ಹೇಳಬಹುದಿತ್ತು."

ಮನೆಗೆ ಬಂದ ಪ್ರಖ್ಯಾತ್ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದ: "ಅಮ್ಮ, ತೊಂದರೆ ನನ್ನಲ್ಲಿ ಇತ್ತು."

ವಿನೋದಾ ಅಡುಗೆಮನೆಯ ನೆಲದಲ್ಲಿ ಕುಳಿತುಬಿಟ್ಟರು. "ಇಷ್ಟು ವರ್ಷ ಈ ಹುಡುಗಿಗೆ ಕಹಿ ಮದ್ದು ಅರೆದು ಕುಡಿಸಿದೆನಲ್ಲ" ಎಂದು ಹಣೆ ಹಿಡಿದುಕೊಂಡರು. ನಿಖಿತಾ ಒಳಗಿನ ಕೋಣೆಗೆ ಹೋದಳು.

ಅವರು ಮುಂಗಡ ಕಟ್ಟಲಿಲ್ಲ. ಮುಂದೇನು ಎಂದು ಇನ್ನೂ ನಿರ್ಧರಿಸಿಲ್ಲ. ಡಾಕ್ಟರ ಬಳಿಗೆ ಹೋಗುವುದಾದರೆ ಈಗ ಇಬ್ಬರೂ ಹೋಗುತ್ತಾರೆ.

ಕಳೆದ ತಿಂಗಳು ವಿನೋದಾ ಬಜಗೋಳಿಯ ತಮ್ಮನ ಮನೆಗೆ ಹೋಗಿದ್ದರು. ಅಲ್ಲಿ ತಮ್ಮನ ಮಗನ ಮದುವೆಯಾಗಿ ಎರಡು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ತಮ್ಮನ ಹೆಂಡತಿ ಸೊಸೆಗೆ ನಾಟಿ ಮದ್ದು ಕೊಡಿಸಲು ಹೊರಟಿದ್ದಳು.

"ಮೊದಲು ಇಬ್ಬರನ್ನೂ ಡಾಕ್ಟರ ಹತ್ತಿರ ಕಳಿಸು. ನಿನ್ನ ಮಗನನ್ನೂ" ಎಂದರು ವಿನೋದಾ.

"ನಮ್ಮ ಹುಡುಗನಿಗೆ ಎಂತ ಆಗಿದೆ ಅತ್ತಿಗೆ?"

"ನಾನೂ ಹಾಗೆಯೇ ಕೇಳಿದ್ದು" ಎಂದು ವಿನೋದಾ ಸೆರಗಿನಿಂದ ಕಣ್ಣೊರೆಸಿಕೊಂಡರು.

ಇದನ್ನು ಓದುತ್ತಿರುವ ಅಣ್ಣ ತಮ್ಮಂದಿರೇ, ಮಗುವಿಗಾಗಿ ಪ್ರಯತ್ನಿಸಿ ಒಂದು ವರ್ಷವಾದರೂ ಆಗದಿದ್ದರೆ ಗಂಡ ಹೆಂಡತಿ ಒಟ್ಟಿಗೆ ಡಾಕ್ಟರನ್ನು ಕಾಣಿ. ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಿಗಿಂತ ಹೆಚ್ಚು ಕಾಯಬೇಡಿ. ದೊಡ್ಡ ಚಿಕಿತ್ಸೆಗೆ ದುಡ್ಡು ಕಟ್ಟುವ ಮುನ್ನ ಒಟ್ಟು ಖರ್ಚೆಷ್ಟು, ನಮ್ಮ ವಯಸ್ಸಿಗೆ ಫಲಿಸುವ ಸಾಧ್ಯತೆ ಎಷ್ಟು ಎಂದು ಬಾಯಿ ಬಿಟ್ಟು ಕೇಳಿ. ಗ್ಯಾರಂಟಿ ಕೊಡುವವರನ್ನು ನಂಬಬೇಡಿ. ಹೆಂಡತಿಯೊಬ್ಬಳನ್ನೇ ಆಸ್ಪತ್ರೆಯೊಳಗೆ ಕಳಿಸಿ ಹೊರಗೆ ಕಾಯಬೇಡಿ. ನೀವೂ ಒಳಗೆ ಹೋಗಿ, ಈ ವಾರವೇ ಹೋಗಿ.