ಮೂವತ್ತೈದರಲ್ಲಿ ಒಂದು ಪಾಲು

ನಾನು ಅರ್ಧ ಮನುಷ್ಯ. ತಲೆಯಿದೆ, ತಲೆಯ ಮೇಲೆ ದಪ್ಪ ಟೊಪ್ಪಿಗೆಯಿದೆ, ಎರಡು ತೋಳುಗಳಿವೆ, ಎದೆಯಿದೆ. ಎದೆಯ ಕೆಳಗೆ ಏನೂ ಇಲ್ಲ. ಅದಕ್ಕಾಗಿ ಯಾರೂ ಮರುಗಬೇಕಾಗಿಲ್ಲ, ನನ್ನನ್ನು ಮಾಡಿದವರೇ ಬೇಕೆಂದು ಹಾಗೆ ಮಾಡಿದ್ದು. ನಾನು ಟ್ಯಾಂಕಿನ ಚಾಲಕ. ಟ್ಯಾಂಕಿನ ಮುಂಭಾಗದಲ್ಲಿ ಒಂದು ದುಂಡು ಬಾಯಿ ಇರುತ್ತದೆ. ಚಾಲಕ ಅದರೊಳಗೆ ಇಳಿದು ಕುಳಿತರೆ ಹೊರಗೆ ಕಾಣುವುದು ಇಷ್ಟೇ. ಕಾಣದ್ದನ್ನು ಯಾಕೆ ಮಾಡಬೇಕೆಂದು ಕಾರ್ಖಾನೆಯವರು ನನ್ನ ಕಾಲುಗಳನ್ನು ಉಳಿತಾಯ ಮಾಡಿಕೊಂಡರು. ಎರಡು ಹುಣಸೆ ಬೀಜಗಳನ್ನು ಒಂದರ ಮೇಲೊಂದು ಇಟ್ಟರೆ ಎಷ್ಟೋ, ನನ್ನ ಎತ್ತರ ಅಷ್ಟು.

ಹುಟ್ಟಿದ್ದು ಸಮುದ್ರದಾಚೆಯ ಒಂದು ಊರಿನಲ್ಲಿ. ಬೂದು ಬಣ್ಣದ ಪ್ಲಾಸ್ಟಿಕ್ ಕಾದು ಕರಗಿ ಉಕ್ಕಿನ ಅಚ್ಚಿನೊಳಗೆ ಹರಿಯಿತು, ತಣ್ಣಗಾಯಿತು. ಅಚ್ಚು ತೆರೆದಾಗ ನಾನು ಒಂದು ಚೌಕಟ್ಟಿಗೆ ಜೋತುಬಿದ್ದಿದ್ದೆ. ಬಲಕ್ಕೆ ದುರ್ಬೀನು ಹಿಡಿದ ಕಮಾಂಡರ್, ಎಡಕ್ಕೆ ಫಿರಂಗಿ ಹಾರಿಸುವವನು. ಚೌಕಟ್ಟಿನ ಅಂಚಿನಲ್ಲಿ 1:35 ಎಂದು ಬರೆದಿತ್ತು. ನಿಜವಾದ ಮನುಷ್ಯನ ಎತ್ತರವನ್ನು ಮೂವತ್ತೈದು ಸಮಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನಾನು ಎಂದು ಅದರ ಅರ್ಥ.

ಅಂದಿನಿಂದ ನನಗೆ ಒಂದೇ ಕನಸು. ನನ್ನ ಉಳಿದ ಮೂವತ್ತನಾಲ್ಕು ಪಾಲು ಎಲ್ಲಿವೆ? ಕತ್ತಲೆ ಡಬ್ಬದೊಳಗೆ ಹಡಗಿನಲ್ಲಿ ತೇಲುತ್ತಾ ಬರುವಾಗ ಅದನ್ನೇ ಯೋಚಿಸುತ್ತಿದ್ದೆ. ಎಲ್ಲೋ ಮರಳಿನ ಮೇಲೆ ಅವು ನಡೆದುಹೋಗುತ್ತಿರಬಹುದು. ಯಾವುದೋ ಮರದ ಕೆಳಗೆ ಕೂತು ಚಹಾ ಕುಡಿಯುತ್ತಾ, ಇನ್ನೊಂದು ಪಾಲು ಬರಲಿ ಎಂದು ಕಾಯುತ್ತಿರಬಹುದು. ಒಂದು ದಿನ ನನ್ನನ್ನು ಟ್ಯಾಂಕಿನ ಬಾಯಿಯೊಳಗೆ ಕೂರಿಸುತ್ತಾರೆ, ಆಗ ನಾನು ಪೂರ್ತಿಯಾಗುತ್ತೇನೆ ಎಂದು ನಂಬಿದ್ದೆ.

ಕಣ್ಣಿಗೆ ಬೆಳಕು ಬಿದ್ದಾಗ ಧಾರವಾಡದಲ್ಲಿದ್ದೆ, ಹಲ್ಲಿನ ಡಾಕ್ಟರ್ ಅರವಿಂದ ಕಬ್ಬೂರ ಅವರ ಕೈಯಲ್ಲಿ. ಕಬ್ಬೂರ ಡಾಕ್ಟರಿಗೆ ಒಂದು ಹುಚ್ಚು. ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಸೇನಾ ವಾಹನಗಳ ಮಾದರಿಗಳನ್ನು ಕೊಳ್ಳುವುದು. ಕೊಳ್ಳುವುದಷ್ಟೇ, ಕಟ್ಟುವುದಿಲ್ಲ. ದವಾಖಾನೆಯ ಹಿಂದಿನ ಕೋಣೆಯ ಕಪಾಟಿನಲ್ಲಿ ಅರವತ್ತು ಡಬ್ಬಗಳಿದ್ದವು, ನಮ್ಮ ಮೂವರ ಪುಟ್ಟ ಡಬ್ಬವೊಂದನ್ನು ಬಿಟ್ಟರೆ ಒಂದರ ಹೊದಿಕೆಯನ್ನೂ ಹರಿದಿರಲಿಲ್ಲ. ಯಾವ ಅಳತೆಯಲ್ಲಿ ಶುರು ಮಾಡಬೇಕು ಎಂಬುದು ಹನ್ನೊಂದು ವರ್ಷಗಳಿಂದ ಅವರಿಗೆ ತೀರ್ಮಾನವಾಗಿರಲಿಲ್ಲ. ಎಪ್ಪತ್ತೆರಡರಲ್ಲಿ ಒಂದು ಪಾಲಿನ ಅಳತೆಯಾದರೆ ಟ್ಯಾಂಕು ಅಂಗೈಯಲ್ಲಿ ಕೂರುತ್ತದೆ, ಇಡೀ ದಂಡು ಒಂದೇ ಕಪಾಟಿನಲ್ಲಿ ಹಿಡಿಸುತ್ತದೆ, ಆದರೆ ಕಣ್ಣು ಹದ್ದಿನದಾಗಿರಬೇಕು. ಹದಿನಾರರಲ್ಲಿ ಒಂದಾದರೆ ಎಲ್ಲವೂ ಸ್ಪಷ್ಟ, ಆದರೆ ಟ್ಯಾಂಕು ಒಳಗೆ ಬಂದರೆ ಮನೆಯವರು ಹೊರಗೆ ಹೋಗಬೇಕು. ಮೂವತ್ತೈದು ನಡುವಿನದು. ನಡುವಿನದು ಎಂಬ ಕಾರಣಕ್ಕೇ ಡಾಕ್ಟರಿಗೆ ಅದರ ಮೇಲೆ ಅನುಮಾನ.

ಪಾಪ, ಒಂದೇ ಒಂದು ಸಲ ಧೈರ್ಯ ಮಾಡಿ ನನ್ನನ್ನು ಚೌಕಟ್ಟಿನಿಂದ ಕತ್ತರಿಸಿ ಬಣ್ಣ ಹಚ್ಚಿದರು. ಹಸಿರು ಅಂಗಿ, ಕಪ್ಪು ಟೊಪ್ಪಿಗೆ. ಬಾಯಿಯ ಹತ್ತಿರ ಬಂದಾಗ ಕಸುಬು ಬಿಡಬೇಕಲ್ಲ! ಬಿಳಿ ಬಣ್ಣದಲ್ಲಿ ಸಾಲಾಗಿ ಹಲ್ಲು ಬರೆದುಬಿಟ್ಟರು. ಅಂದಿನಿಂದ ನಾನು ಹಲ್ಲು ಕಿರಿಯುತ್ತಲೇ ಇದ್ದೇನೆ, ಮನಸ್ಸಿನಲ್ಲಿ ಏನೇ ಇರಲಿ. ಆಮೇಲೆ ಅವರು ನನ್ನನ್ನು ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿ, ಬೆಣೆಯಂಥ ಮೇಣದ ತುಂಡಿಗೆ ಆನಿಸಿ ಇಟ್ಟರು. ನನ್ನ ಜೊತೆಗಾರರಿಬ್ಬರು ಚೌಕಟ್ಟಿನ ಸಮೇತ ಯಾವುದೋ ಡಬ್ಬ ಸೇರಿದರು, ಮತ್ತೆ ಕಾಣಲಿಲ್ಲ.

ಒಂದು ಯುಗಾದಿಯ ಮರುವಾರ ಆ ಗಾಜಿನ ಮುಂದೆ ಒಬ್ಬರು ಬಂದು ನಿಂತರು. ಅರವತ್ತೈದು ದಾಟಿದ ವಯಸ್ಸು, ನೆಟ್ಟನೆಯ ಬೆನ್ನು, ಊದಿದ ಕೆನ್ನೆ. ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ ನನ್ನನ್ನು ಹುಡುಕಿ ಹಿಡಿದರು.

"ಡಾಕ್ಟರ್ ಸಾಹೇಬ್ರ, ಇಂವ ಡ್ರೈವರ್ ಅದಾನಲ್ರೀ! ಯಾಕ ನಗಾಕತ್ತಾನ? ಹದಿನೇಳು ವರ್ಷ ಟ್ಯಾಂಕ್ ಓಡಿಸೀನಿ, ಒಳಗ ಕುಂತು ಒಮ್ಮೆರ ನಕ್ಕಿಲ್ಲ ನಾ."

ಅವರು ದಫೇದಾರ್ ಚನ್ನವೀರಪ್ಪ ಹೆಬಸೂರ. ಸೇನೆಯ ಟ್ಯಾಂಕ್ ದಳದಿಂದ ನಿವೃತ್ತರಾಗಿ ಕಾಮನಕಟ್ಟಿ ಓಣಿಯಲ್ಲಿ ಹೆಂಡತಿ ನೀಲವ್ವನ ಜೊತೆ ಇದ್ದವರು. ಹಲ್ಲು ಕೀಳಿಸಿಕೊಂಡ ಮೇಲೆ, ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಅವರು ಇನ್ನೊಂದು ವಿಷಯ ಹೇಳಿದರು. ಕಣ್ಣಿನ ನರ ಒಣಗುತ್ತಿದೆಯಂತೆ. ನೋಟ ಸುತ್ತಲಿಂದ ಮುಚ್ಚಿಕೊಳ್ಳುತ್ತಾ ಬಂದು ಈಗ ನಡುವೆ ಒಂದು ಕಿಂಡಿ ಮಾತ್ರ ಉಳಿದಿದೆ. ಅದೂ ಒಂದು ವರ್ಷ ಉಳಿದರೆ ಹೆಚ್ಚು ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ.

"ಮುಚ್ಚಳ ಹಾಕ್ಕೊಂಡು ಟ್ಯಾಂಕ್ ಓಡಿಸೂ ಮುಂದ ಹಿಂಗ ಮೂರು ಬೆರಳಿನ ಕಿಂಡ್ಯಾಗಿಂದ ನೋಡ್ತಿದ್ವಿರೀ. ರೂಢಿ ಐತಿ ನನಗ. ಆದ್ರ ಒಂದ್ ಆಸೆ ಐತಿ. ನಾ ಓಡಿಸಿದ ಟ್ಯಾಂಕ್ ಓಡಾಗ ಹೊರಗಿಂದ ಹೆಂಗ ಕಾಣ್ತಿತ್ತು ಅಂತ ನಾ ನೋಡಿಲ್ಲ. ಕಣ್ಣು ಹೋಗೂದ್ರಾಗ ಅದನ್ನ ನನ್ನ ಕೈಯಾರ ಮಾಡಿ ಒಮ್ಮೆ ನೋಡಬೇಕು."

ಕಬ್ಬೂರ ಡಾಕ್ಟರ್ ಕೈಗವಸು ಕಳಚಿಟ್ಟರು. ಆಮೇಲೆ ಕಪಾಟಿನ ಬಾಗಿಲು ಪೂರ್ತಿ ತೆರೆದು, ಬೇಕಾದ್ದನ್ನು ತೆಗೆದುಕೊಳ್ಳಿ ಎಂದರು. ಗಾಜಿನ ಪೆಟ್ಟಿಗೆಯಿಂದ ನನ್ನನ್ನೂ ತೆಗೆದು ಅವರ ಅಂಗೈಗೆ ಹಾಕಿದರು. ಆ ಅಂಗೈ ಗಟ್ಟಿಯಾಗಿತ್ತು, ಬೆಚ್ಚಗಿತ್ತು.

ದಫೇದಾರರು ಆರಿಸಿಕೊಂಡದ್ದು ಎಪ್ಪತ್ತೆರಡರ ಅಳತೆಯ ಟ್ಯಾಂಕು. ಅದೂ ಒಂದಲ್ಲ, ಮೂರು ಡಬ್ಬ! ಡಾಕ್ಟರ್ ಬೇಡವೆಂದರೂ ಕೇಳಲಿಲ್ಲ. "ಟ್ಯಾಂಕ್ ಎಂದೂ ಒಂದ ಹೋಗಂಗಿಲ್ರೀ, ಮೂರು ಕೂಡಿ ಹೋಗ್ತಾವ" ಎಂಬುದು ಅವರ ವಾದ. ಟ್ಯಾಂಕಿನೊಳಗೆ ಆಯುಷ್ಯ ಕಳೆದವರು ಮಾತ್ರ ಮಾಡಬಹುದಾದ ತಪ್ಪು ಅದು. ಕಣ್ಣಿಗೆ ಯಾವುದು ಕಾಣುತ್ತದೆ ಎಂದು ಅವರು ಲೆಕ್ಕ ಹಾಕಲೇ ಇಲ್ಲ, ಟಿ.ವಿ. ಮೇಜಿನ ಮೇಲೆ ಮೂರು ಟ್ಯಾಂಕು ಸಾಲಾಗಿ ಹಿಡಿಸಬೇಕು ಎಂದಷ್ಟೇ ನೋಡಿದರು.

ನಾಲ್ಕು ತಿಂಗಳು ನಾನು ಆ ಮೇಜಿನ ಮೇಲಿಂದ ನೋಡುತ್ತಿದ್ದೆ. ಗಾಲಿಗಳು ಅಂಗಿಯ ಗುಂಡಿಯಷ್ಟು, ದೀಪಗಳು ಸಾಸಿವೆ ಕಾಳಿನಷ್ಟು. ಅವರ ಕಿಂಡಿಯೊಳಗೆ ಅವು ಸಿಕ್ಕರೆ ಸಿಕ್ಕವು, ಇಲ್ಲದಿದ್ದರೆ ಇಲ್ಲ. ಗಾಲಿ ಟ್ಯಾಂಕಿಗೆ ಅಂಟುವ ಬದಲು ಬೆರಳಿಗೆ ಅಂಟುತ್ತಿತ್ತು. ಕೆಳಗೆ ಬಿದ್ದದ್ದನ್ನು ನೀಲವ್ವ ಮಂಚದಡಿ ಮಲಗಿ ಹುಡುಕಿ ತರುತ್ತಿದ್ದಳು. ಒಂದು ದೀಪ ಒಗ್ಗರಣೆ ಡಬ್ಬಿಯ ಸಾಸಿವೆಯೊಳಗೆ ಸೇರಿತೋ ಏನೋ, ಕೊನೆಗೂ ಸಿಗಲಿಲ್ಲ. ಅವುಗಳ ನಡುವೆ ನಾನೊಬ್ಬ ದೈತ್ಯ. ಆ ಟ್ಯಾಂಕಿನ ಬಾಯಿಯಲ್ಲಿ ನನ್ನ ತಲೆಯೂ ಹಿಡಿಸುತ್ತಿರಲಿಲ್ಲ. ನನ್ನ ಕನಸಿನ ಮನೆ ನನಗಿಂತ ಚಿಕ್ಕದಾಗಿತ್ತು, ಅದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಹಲ್ಲು ಕಿರಿಯುತ್ತಿದ್ದೆ.

ಪಂಚಮಿ ಹಬ್ಬದ ದಿನ ದಫೇದಾರರು ಚಿಮಟ ಕೆಳಗಿಟ್ಟರು. "ಕಾಣವಲ್ದು, ನೀಲಾ" ಎಂದರು, ಅಷ್ಟೇ. ವರ್ಷದಲ್ಲಿ ನಾಲ್ಕು ತಿಂಗಳು ಹೋಗಿತ್ತು. ಇನ್ನು ಒಂದೇ ಒಂದು ಟ್ಯಾಂಕಿಗೆ ಸಮಯವಿತ್ತು, ಅದರ ಅಳತೆ ತಪ್ಪಿದರೆ ಇನ್ನೊಂದಿಲ್ಲ. ಅದು ಅವರಿಬ್ಬರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮುಂದಿನ ಭಾನುವಾರ ನೀಲವ್ವ ಗಂಡನ ಕೈ ಹಿಡಿದು ದವಾಖಾನೆಗೆ ಕರೆತಂದಳು. ನಾನು ಅವರ ಅಂಗಿಯ ಜೇಬಿನಲ್ಲಿದ್ದೆ. ದಫೇದಾರರು ರೂಢಿಯಂತೆ ಹಲ್ಲು ಕೀಳುವ ಕುರ್ಚಿಯಲ್ಲೇ ಕುಳಿತರು. ಡಾಕ್ಟರ್ ದೊಡ್ಡ ದೀಪ ಹಚ್ಚಿ ಡಬ್ಬಗಳನ್ನು ತಂದು ಜೋಡಿಸಿದರು.

"ಈ ಸಲ ಹದಿನಾರರದ್ದ ತಗೋರಿ ದಫೇದಾರ್ ಸಾಹೇಬ್ರ, ಕಣ್ಣಿಗೆ ತ್ರಾಸ ಆಗೂದಿಲ್ಲ."

"ಅದಕ್ಕೊಂದು ಗ್ಯಾರೇಜ್ ಕಟ್ಟಿಸಬೇಕಾಗ್ತೈತ್ರಿ."

ಇಬ್ಬರೂ ಹದಿನಾರು, ಮೂವತ್ತೈದು, ನಲವತ್ತೆಂಟು ಎಂದು ಚರ್ಚೆಗೆ ಬಿದ್ದರು. ಡಾಕ್ಟರಿಗಂತೂ ಹನ್ನೊಂದು ವರ್ಷಗಳ ಅನುಭವ, ಎಲ್ಲದಕ್ಕೂ ಒಂದೊಂದು ಅಡ್ಡಿ ಬಾಯಲ್ಲೇ ಇತ್ತು. ನೀಲವ್ವ ಮೂಲೆಯ ಸ್ಟೂಲಿನ ಮೇಲೆ ಕೂತು ಕಸೂತಿ ಹಾಕುತ್ತಿದ್ದಳು. ಇರಕಲ್ ಸೀರೆಯ ಎಳೆಗಳನ್ನು ಎಣಿಸಿ ಎಣಿಸಿ ಆನೆ, ಗಿಳಿ, ಕಮಲ ಮೂಡಿಸುವುದು ಅವಳ ನಲವತ್ತು ವರ್ಷಗಳ ಕೆಲಸ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತಲೆಯೆತ್ತಿದಳು.

"ಅಲ್ರೀ, ಆನಿ ಎಷ್ಟು ದೊಡ್ಡದಿರಬೇಕಂತ ನಾ ಆನೀನ ಕೇಳಂಗಿಲ್ಲ. ಸೀರಿ ಉಡಾಕೀನ ಕೇಳ್ತೀನಿ. ಗಿಡ್ಡ ಇದ್ಲಂದ್ರ ಎರಡೆಳಿ ಎಣಿಸಿ ಹಾಕ್ತೀನಿ, ಎತ್ತರದಾಕಿಗೆ ನಾಲ್ಕೆಳಿ. ನೀವಿಬ್ರೂ ಬರೇ ಟ್ಯಾಂಕ್ ನೋಡಾಕತ್ತೀರಿ. ಅದರಾಗ ಕೂಡಾವ್ರು ಯಾರು? ಅದನ್ನ ಹೇಳ್ರಿ ಮೊದ್ಲ."

"ಇಂವ ಕೂಡ್ತಾನಲ್ರೀ" ಎಂದು ಡಾಕ್ಟರ್ ದಫೇದಾರರ ಜೇಬಿನಿಂದ ಇಣುಕುತ್ತಿದ್ದ ನನ್ನ ಕಡೆ ಬೆರಳು ಮಾಡಿದರು. ನನ್ನ ಎದೆ, ಇರುವಷ್ಟು ಎದೆ, ಉಬ್ಬಿತು.

ದಫೇದಾರರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಡಬ್ಬಿ ಬಿಚ್ಚರಿ" ಎಂದರು. ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಕಬ್ಬೂರ ಡಾಕ್ಟರ್ ಟ್ಯಾಂಕಿನ ಡಬ್ಬವೊಂದರ ಹೊದಿಕೆ ಹರಿದರು. ಹದಿನಾರರ ಟ್ಯಾಂಕಿನ ಮೇಲ್ಭಾಗ ಹೊರಬಂತು. ದಫೇದಾರರು ಕಣ್ಣು ಮುಚ್ಚಿಕೊಂಡು ಅದರ ಮುಂಭಾಗ ತಡವಿದರು, ಚಾಲಕನ ಬಾಯಿ ಸಿಕ್ಕಿತು, ತೋರುಬೆರಳನ್ನು ಇಳಿಸಿದರು. ಬೆರಳು ಸಡಿಲವಾಗಿ ಅತ್ತಿತ್ತ ಆಡಿತು. ತಲೆಯಾಡಿಸಿದರು. ಆಮೇಲೆ ಮೂವತ್ತೈದರದ್ದು. ಬೆರಳು ಇಳಿಯಿತು, ಎರಡೂ ಬದಿಗೆ ತಾಕಿ, ಸ್ವಲ್ಪ ತಿಕ್ಕಿ, ಒಳಗೆ ಕೂತಿತು.

"ಒಳಗ ಇಳಿಯೂ ಮುಂದ ಎರಡೂ ಹೆಗಲು ಹಿಂಗ ತಿಕ್ಕತಿದ್ವು" ಎಂದರು. "ಇದ, ಡಾಕ್ಟರ್ ಸಾಹೇಬ್ರ. ಇದ ಇರಲಿ."

ಮೂವತ್ತೈದು! ನನ್ನ ಅಂಕೆ! ಅಂದು ಜೇಬಿನೊಳಗೆ ಮನೆಗೆ ಹೋಗುವಾಗ ನಾನು ಮರಳುಗಾಡಿನ ಮೇಲೆ ತೇಲುತ್ತಿದ್ದೆ. ನನಗೆ ಕಾಲುಗಳಿದ್ದವು, ಕೆಳಗೆ ಎಂಜಿನ್ ಗುಡುಗುತ್ತಿತ್ತು, ಮೂವತ್ತನಾಲ್ಕು ಪಾಲು ಬಂದು ಒಂದೊಂದಾಗಿ ನನ್ನೊಳಗೆ ಕೂಡಿಕೊಳ್ಳುತ್ತಿದ್ದವು.

ಟ್ಯಾಂಕು ಕಟ್ಟಿದ್ದು ಇಬ್ಬರೂ ಸೇರಿ. ಎಳೆ ಎಣಿಸಿದ ಕಣ್ಣು ನೀಲವ್ವನದು, ಟ್ಯಾಂಕಿನ ಒಳಹೊರಗು ಬಲ್ಲ ಕೈ ಅವರದು. ಅವಳು ಒಂದೊಂದು ಭಾಗವನ್ನೂ ಅವರ ನೋಟದ ಕಿಂಡಿಯೊಳಗೆ ತಂದು ಹಿಡಿಯುತ್ತಿದ್ದಳು. "ಒಂದಿಷ್ಟು ಎಡಕ್ಕ... ಇನ್ನಷ್ಟು... ಹಾಂ, ಅಲ್ಲೇ" ಎಂದು ಅವಳು ಹೇಳಿದಂತೆ ಅವರು ಅಂಟಿಸುತ್ತಿದ್ದರು. ಟ್ಯಾಂಕಿನಲ್ಲೂ ಹಾಗೆಯೇ ಅಂತೆ. ಮೇಲೆ ನಿಂತ ಕಮಾಂಡರ್ ದಾರಿ ಹೇಳುತ್ತಾನೆ, ಕೆಳಗೆ ಕೂತ ಚಾಲಕ ಕಾಣದಿದ್ದರೂ ನಂಬಿ ಓಡಿಸುತ್ತಾನೆ. "ಇನ್ನ ಕಮಾಂಡರ್ ನೀನ" ಎಂದು ಅವರು ನಗುತ್ತಿದ್ದರು. ನವರಾತ್ರಿಗೆ ಗಾಲಿಗಳು ಕೂತವು. ದೀಪಾವಳಿಗೆ ಫಿರಂಗಿ ಎದ್ದಿತು, ಆಮೇಲೆ ಬಣ್ಣ. ಕಿಂಡಿ ದಿನದಿನಕ್ಕೆ ಸಣ್ಣದಾಗುತ್ತಿತ್ತು.

ಸಂಕ್ರಾಂತಿಯ ಬೆಳಿಗ್ಗೆ ನೀಲವ್ವ ಟ್ಯಾಂಕನ್ನು ಕಿಟಕಿಯ ಬಿಸಿಲಿಗೆ ಹಿಡಿದು ಅವರ ಕಣ್ಣಿನ ಮುಂದೆ ನಿಧಾನವಾಗಿ ನಡೆಸಿದಳು. ಮೊದಲು ಮುಂಭಾಗ, ಆಮೇಲೆ ಗಾಲಿಗಳ ಸಾಲು, ಕೊನೆಗೆ ಹಿಂಭಾಗ. ಇಡಿಯಾಗಿ ಕಾಣುವಂತಿರಲಿಲ್ಲ, ತುಂಡು ತುಂಡಾಗಿ ನೋಡಿ ಅವರು ಒಳಗೆ ಜೋಡಿಸಿಕೊಂಡರು.

"ಹಿಂಗಿತ್ತೇನು!" ಎಂದರು. "ಇಷ್ಟ್ ಚಂದ ಇತ್ತೇನು, ನೀಲಾ!" ಕೆನ್ನೆಯ ಮೇಲೆ ಇಳಿದ ನೀರನ್ನು ಅವರು ಒರೆಸಿಕೊಳ್ಳಲಿಲ್ಲ.

ಇನ್ನು ಉಳಿದಿದ್ದು ನಾನೊಬ್ಬನೇ. ನೀಲವ್ವ ನನ್ನ ಎದೆಯ ಕೆಳಗೆ ಅಂಟು ಹಚ್ಚಲು ಸೂಜಿಯ ತುದಿಯನ್ನು ಅದ್ದಿದಳು. ಅಷ್ಟರಲ್ಲಿ ದಫೇದಾರರ ಬೆರಳು ತಡವುತ್ತಾ ಬಂದು ಆ ಬಾಯಿಯೊಳಗೆ ಇಳಿಯಿತು, ಎರಡೂ ಹೆಗಲು ತಿಕ್ಕಿ ಕೂತಿತು. ಅವರು ಕಣ್ಣು ಮುಚ್ಚಿದರು. ಮುಚ್ಚುವುದಕ್ಕೂ ತೆರೆಯುವುದಕ್ಕೂ ಇದ್ದ ವ್ಯತ್ಯಾಸ ಇನ್ನು ಬಹಳ ದಿನ ಉಳಿಯುವಂತಿರಲಿಲ್ಲ. ಮುಖ ಮಾತ್ರ ಇಪ್ಪತ್ತೈದು ವರ್ಷದವರದಾಗಿತ್ತು.

ನೀಲವ್ವ ಆ ಮುಖ ನೋಡಿದಳು, ನನ್ನನ್ನು ನೋಡಿದಳು, ಸೂಜಿಯನ್ನು ಒರೆಸಿ ಕೆಳಗಿಟ್ಟಳು.

"ಇವನ್ನ ಅಂಟಿಸೂದು ಬ್ಯಾಡ್ರೀ. ಜಾಗ ನಿಮಗ ಬೇಕು."

ನನಗೆ ನೋವಾಯಿತು, ಯಾಕೆ ಸುಳ್ಳು ಹೇಳಲಿ? ಹುಟ್ಟಿದಂದಿನಿಂದ ಕಾದ ಜಾಗ, ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ನೀಲವ್ವ ಖಾಲಿಯಾದ ದಾರದ ರೀಲೊಂದನ್ನು ನಿಲ್ಲಿಸಿ, ಅದರ ಮೇಲೆ ನನ್ನನ್ನು ಕೂರಿಸಿ, ಟ್ಯಾಂಕಿಗೆ ಮುಖ ಮಾಡಿ ಟಿ.ವಿ. ಮೇಜಿನ ಮೂಲೆಯಲ್ಲಿಟ್ಟಳು. ಕಾಲಿಲ್ಲದವನಿಗೆ ರೀಲೇ ಕಾಲಾಯಿತು. ಕೆಲವು ದಿನ ನಾನು ಆ ಬೆರಳಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆ.

ಈಗ ಆರು ವರ್ಷವಾಗಿದೆ. ನನ್ನ ಟೊಪ್ಪಿಗೆಯ ಬಣ್ಣ ಎದ್ದಿದೆ, ಹಲ್ಲು ಮಾತ್ರ ಗಟ್ಟಿಯಿವೆ. ದಫೇದಾರರಿಗೆ ಏನೂ ಕಾಣುವುದಿಲ್ಲ. ದಿನವೂ ಸಂಜೆ ಚಹಾ ಕುಡಿದ ಮೇಲೆ ಟ್ಯಾಂಕನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳನ್ನು ಒಳಗಿಳಿಸುತ್ತಾರೆ. ನೀಲವ್ವ ಕಸೂತಿಯಿಂದ ತಲೆಯೆತ್ತದೆ ಕೇಳುತ್ತಾಳೆ, "ಇವತ್ತ ಎಲ್ಲಿದೀರಿ?"

"ಕಾಲುವಿ ದಾಟಾಕತ್ತೀನಿ. ಮರಳು ಭಾಳ ಐತಿ."

"ಒಂದಿಷ್ಟು ಎಡಕ್ಕ ತಗೋರಿ."

ಅವರು ಎಡಕ್ಕೆ ತೆಗೆದುಕೊಳ್ಳುತ್ತಾರೆ. ನಾನು ಮೂಲೆಯ ರೀಲಿನ ಮೇಲಿಂದ ನೋಡುತ್ತಿರುತ್ತೇನೆ. ನನಗೀಗ ಮರಳಿನ ಕನಸು ಬೀಳುವುದಿಲ್ಲ. ಮೂವತ್ತೈದರಲ್ಲಿ ಒಂದು ಪಾಲಾದ ನಾನು ಹೊರಗಿದ್ದೇನೆ. ಉಳಿದ ಮೂವತ್ತನಾಲ್ಕು ಪಾಲು ಒಳಗೆ ಕೂತಿವೆ.