ಸೀರೆಯ ಮೇಲೊಂದು ಖಾಕಿ ಅಂಗಿ

ತಿಮ್ಮಕ್ಕ ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ ತೊಡುತ್ತಿದ್ದಳು. ಏಪ್ರಿಲ್ ಸೆಕೆಯಲ್ಲೂ ಕೊರಳಿನ ಗುಂಡಿಯವರೆಗೆ ಬಿಗಿದು, ಸೆರಗಿನ ತುದಿ ಎಲ್ಲಿಯೂ ಇಣುಕದಂತೆ ಒಳಗೆ ಸಿಕ್ಕಿಸಿ. ಅಂಜನಾಪುರದ ಸೋಮನಾಥರ ಅಕ್ಕಿ ಗಿರಣಿಗೆ ಭತ್ತ ತರುವ ರೈತರೂ, ಪಾಲಿಶ್ ಇಲ್ಲದ ಅಕ್ಕಿಗಾಗಿ ಜಯನಗರದಿಂದ ಕಾರಿನಲ್ಲಿ ಬರುವ ನಾವೂ, ಅದು ತೌಡಿನ ಧೂಳಿಗೆಂದೇ ತಿಳಿದಿದ್ದೆವು. ಕಾರಣ ಬೇರೆಯೇ ಇತ್ತು.

ಮೂವತ್ತು ವರ್ಷ ಸೊಂಟಕ್ಕೆ ಮೊರ ಒತ್ತಿ ಹಿಡಿದವಳ ನಡಿಗೆ ಎಡಕ್ಕೆ ವಾಲಿತ್ತು. ಭತ್ತದ ಮೂಟೆ ಬಂತೆಂದರೆ ಎರಡು ಕಾಳು ಹಲ್ಲಿನ ನಡುವೆ ಇಟ್ಟು ಕಡಿದು, ಸದ್ದು ಆಲಿಸಿ, “ಇನ್ನೊಂದು ಬಿಸ್ಲು ಬೇಕು” ಎನ್ನುತ್ತಿದ್ದಳು. ಅರೆ ಒಣಗಿದ ಬಟ್ಟೆಗೂ, ಮಗಳನ್ನು ನೋಡಲು ಬಂದ ಮೊದಲ ವರನಿಗೂ ಅವಳು ಕೊಟ್ಟ ತೀರ್ಪು ಅದೇ. ಭತ್ತದ ವಿಷಯದಲ್ಲಂತೂ ಆ ತೀರ್ಪು ಎಂದೂ ತಪ್ಪಲಿಲ್ಲ.

ಗಿರಣಿಯಲ್ಲಿ ಬರೆದಿಡದ ಕಟ್ಟಳೆಯೊಂದಿತ್ತು. ಭತ್ತ ಸುರಿಯುವವನು, ಬೆಲ್ಟು ಏರಿಸುವವನು, ಯಂತ್ರ ಬಿಗಿ ಮಾಡುವವನು ಗಂಡಸು. ಕೇರುವುದು, ಕಲ್ಲು ಆರಿಸುವುದು, ತೌಡು ಗುಡಿಸುವುದು ಹೆಂಗಸಿನ ಪಾಲು. ಯಂತ್ರ ನಡೆಸುತ್ತಿದ್ದವನು ಅವಳ ಗಂಡ ಚಿನ್ನಪ್ಪ. ಆ ಗದ್ದಲದಲ್ಲೇ ಬಾಳು ಕಳೆದವನಿಗೆ ಕೊನೆಗೆ ಕಿವಿ ಕೇಳದಾಯಿತು. ಆಮೇಲೆ ತಿಮ್ಮಕ್ಕ ಬಾಗಿಲ ಬಳಿ ಕೇರುತ್ತಲೇ ಯಂತ್ರದ ದನಿ ಆಲಿಸಿ ಹುಬ್ಬೇರಿಸಿದರೆ ಅವನು ಸಡಿಲಿಸುತ್ತಿದ್ದ, ತಲೆ ತಗ್ಗಿಸಿದರೆ ಬಿಗಿಯುತ್ತಿದ್ದ. ಮೂರು ವರ್ಷ ಗಿರಣಿ ನಡೆದದ್ದು ಅವಳ ಕಿವಿಯಿಂದ. ಸೋಮನಾಥರಿಗೆ ಅದು ಗೊತ್ತಿರಲಿಲ್ಲವೆಂದು ನಾನು ನಂಬಲಾರೆ.

ಚಿನ್ನಪ್ಪ ತೀರಿಕೊಂಡು ತಿಥಿಯ ಕಾರ್ಯ ಮುಗಿದ ಮಾರನೆಯ ದಿನ ಅವಳು ಸೋಮನಾಥರ ಮುಂದೆ ನಿಂತಳು.

“ಅಣ್ಣ, ಮೆಷಿನ್ ನಾನೇ ನೋಡ್ಕೊಳ್ತೀನಿ.”

“ಸೆರಗು ಬೆಲ್ಟಿಗೆ ಸಿಕ್ಕೊಂಡ್ರೆ ಏನಮ್ಮ ಗತಿ? ಹೆಂಗಸ್ರ ಕೆಲ್ಸ ಅಲ್ಲ ಅದು.”

ಅವಳು ಮರುದಿನ ಬೆಳಿಗ್ಗೆ ಗಂಡನ ಖಾಕಿ ಅಂಗಿ ತೊಟ್ಟು ಬಂದಳು. ಸೋಮನಾಥರು ಕಂಡೂ ಕಾಣದಂತಿದ್ದರು; ವಾರದೊಳಗೆ ರವಿಕುಮಾರ್ ಎಂಬುವವನನ್ನು ನೇಮಿಸಿದರು. ಅವನಿಗೆ ಯಂತ್ರದ ದನಿ ಕಲಿಸಿದವಳೂ ತಿಮ್ಮಕ್ಕನೇ. ಅವನು ರಜೆ ಹಾಕಿದ ದಿನ ಗಿರಣಿಗೆ ಬೀಗ ಬೀಳುತ್ತಿತ್ತೇ ಹೊರತು ಅವಳನ್ನು ಯಾರೂ ಕರೆಯಲಿಲ್ಲ. ಆದರೂ ಕರೆದ ದಿನ ತಾನು ಸಿದ್ಧವಾಗಿರಬೇಕೆಂದು ಎಂಟು ವರ್ಷ ಆ ಅಂಗಿ ಬಿಡಲಿಲ್ಲ. ತೋಳು ಹರಿದಾಗ ತೇಪೆ ಹಾಕಿದಳು.

ಕಳೆದ ಸಂಕ್ರಾಂತಿ ಕಳೆದ ಮೇಲೆ ಹೊಸ ಯಂತ್ರ ಬಂತು. ಎಲ್ಲವೂ ಕಬ್ಬಿಣದ ಪೆಟ್ಟಿಗೆಯೊಳಗೆ. ಹೊರಗೆ ಒಂದು ಹಸಿರು ಗುಂಡಿ ಮಾತ್ರ. ತಿಮ್ಮಕ್ಕ ಅದನ್ನು ಸುತ್ತು ಹಾಕಿ ನೋಡಿದಳು.

“ಅಣ್ಣ, ಇದ್ರಲ್ಲಿ ಬೆಲ್ಟೇ ಇಲ್ಲ,” ಎಂದಳು.

“ಹೂಂ ತಿಮ್ಮಕ್ಕ. ಕಲ್ಲೂ ಅದೇ ತೆಗಿಯುತ್ತೆ, ನುಚ್ಚೂ ಅದೇ ಬೇರೆ ಮಾಡುತ್ತೆ. ಇನ್ನು ನೀನ್ಯಾಕೆ ಧೂಳು ಕುಡೀಬೇಕು? ಮನೇಲಿ ಆರಾಮಾಗಿರು.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಮನೆಯಲ್ಲಿರು ಎಂಬುದನ್ನು ಸೋಮನಾಥರು ಅಕ್ಕರೆಯಿಂದಲೇ ಹೇಳಿದರು, ನನಗೆ ಹೆಚ್ಚು ನೋವಾಗುವುದು ಅದಕ್ಕೇ. ಅವಳು ಒಂದೊಂದಾಗಿ ಗುಂಡಿ ಬಿಚ್ಚಿ, ಅಂಗಿ ಮಡಿಸಿ ಮೊರದಲ್ಲಿಟ್ಟುಕೊಂಡು, ಎಡಕ್ಕೆ ವಾಲುತ್ತ ಹೊರಟುಹೋದಳು.

ಹದಿನೈದು ದಿನಕ್ಕೆ ರವಿಕುಮಾರ್ ಫೋನ್ ಮಾಡಿದ. “ಅಕ್ಕ, ಅಕ್ಕಿ ಎಲ್ಲಾ ಮುರಿದು ನುಚ್ಚಾಗ್ತಿದೆ. ಏನ್ ಮಾಡ್ಲಿ?”

“ಕಾಳು ಕಡಿದು ನೋಡ್ದ್ಯಾ?”

“ಮೆತ್ತಗಿದೆ.”

ಹೇಳದಿದ್ದರೆ ಅವಳನ್ನು ಕೇಳುವವರು ಯಾರಿದ್ದರು? ಆದರೂ “ಇನ್ನೊಂದು ಬಿಸ್ಲು ಬೇಕು ಕಣಪ್ಪ,” ಎಂದಳು.

ಇಂಥವರು ಎಲ್ಲ ಕಸುಬಿನಲ್ಲೂ ಇದ್ದಾರೆ. ಅವರನ್ನು ತಡೆಯಲು ಹೂಡಿದ ನೆಪ ಒಂದು ದಿನ ತಾನಾಗಿ ಕಳಚಿ ಬೀಳುತ್ತದೆ. ಅಷ್ಟರಲ್ಲಿ ಅವರು ಕೂತಿದ್ದ ಜಾಗವೂ ಹೋಗಿರುತ್ತದೆ. ಅನ್ನದಲ್ಲಿ ಕಲ್ಲು ಸಿಕ್ಕ ದಿನ ನಾವು ಯಾರನ್ನಾದರೂ ಬೈಯುತ್ತೇವೆ. ಸಿಗದೆ ಉಂಡ ಅಷ್ಟೂ ವರ್ಷ ಯಾರನ್ನೂ ನೆನೆಯಲಿಲ್ಲ.