ರಾಟೆಯ ಆರನೇ ಪಟ್ಟಿ

ನಾನು ಒಂದು ಮರದ ಪಟ್ಟಿ. ಈಗ ಗೇಣುದ್ದ ಉಳಿದಿದ್ದೇನೆ. ಮೊದಲು ಮೊಳದುದ್ದ ಇದ್ದೆ. ನಾನು ಯಾವ ಜಾತಿಯ ಮರ ಎನ್ನುವುದು ಬಹಳ ಕಾಲ ನನಗೇ ಗೊತ್ತಿರಲಿಲ್ಲ. ಅದನ್ನು ಪತ್ತೆ ಮಾಡಿದವಳು ಶಿಡ್ಲಘಟ್ಟದ ಮೆಹಮೂದಾ. ಹಾಗಾಗಿ ನನ್ನ ಕಥೆ ಹೇಳಲು ಕೂತರೆ ಅರ್ಧಕ್ಕಿಂತ ಹೆಚ್ಚು ಅವಳ ಕಥೆಯೇ ಆಗಿಬಿಡುತ್ತದೆ.

ನಾನು ಹುಟ್ಟಿದ್ದು ಊರಾಚೆಯ ಒಂದು ಹಳೆಯ ರೇಷ್ಮೆ ತೋಟದ ಬೇಲಿಯಲ್ಲಿ. ಹಿಪ್ಪುನೇರಳೆ ಸೊಪ್ಪಿಗೆ ಬದಲಾಗಿ ಹುಳುಗಳಿಗೆ ಬೇರೆ ಸೊಪ್ಪು ಹಾಕಿದರೆ ಹೇಗೆ ಎಂದು ಯಾರೋ ಯೋಚಿಸಿ, ದೂರದೇಶದ ಬೀಜ ತರಿಸಿ ನೆಟ್ಟಿದ್ದರಂತೆ. ಹುಳುಗಳು ನಮ್ಮ ಎಲೆಯನ್ನು ತಿಂದವು, ಆದರೆ ಮನಸ್ಸಿಟ್ಟು ತಿನ್ನಲಿಲ್ಲ. ಗೂಡು ತೆಳ್ಳಗಾಯಿತು. ಪ್ರಯೋಗ ಅಲ್ಲಿಗೇ ನಿಂತಿತು. ಉಳಿದ ಗಿಡಗಳನ್ನು ಕಿತ್ತರು. ಬೇಲಿಯ ಮೂಲೆಯಲ್ಲಿದ್ದ ನಮ್ಮ ಮರವನ್ನು ಮಾತ್ರ ಮರೆತರು.

ಮರೆತಿದ್ದೇ ಒಳ್ಳೆಯದಾಯಿತು. ಮರ ತನ್ನ ಪಾಡಿಗೆ ಬೆಳೆಯಿತು. ರೆಂಬೆಗಳ ತುಂಬ ಮುಳ್ಳು, ಎಲ್ಲಿ ಕೊಯ್ದರೂ ಹಾಲು. ಕಾಯಿ ಹಸಿರು ಚೆಂಡಿನಷ್ಟು ದಪ್ಪ, ಮೈಯೆಲ್ಲ ಸುಕ್ಕು. ದನ ಮೂಸಿ ನೋಡಿ ಮುಂದೆ ಹೋಗುತ್ತಿದ್ದವು. ಊರವರು ಅದಕ್ಕೆ ಮುಳ್ಳುಹಲಸು ಎಂದು ಹೆಸರಿಟ್ಟರು, ಏನಾದರೊಂದು ಕರೆಯಬೇಕಲ್ಲ ಎಂದು. ರಸ್ತೆ ಅಗಲ ಮಾಡುವಾಗ ಮರ ಉರುಳಿತು. ಕಾಂಡವನ್ನು ಕೊಂಡವನು ಬಡಗಿ ಕೋನಾಚಾರಿ.

ಗರಗಸ ಮೊದಲ ಸಲ ಒಳಗೆ ಇಳಿದಾಗ ಕೋನಾಚಾರಿ ನಿಂತುಬಿಟ್ಟ. ಒಳಗೆ ಅರಿಶಿನದ ಬಣ್ಣ. ಆಗತಾನೆ ತೇದ ಅರಿಶಿನವೂ ಅಷ್ಟು ಹಳದಿ ಇರುವುದಿಲ್ಲ. ಹಳದಿ ಮರ, ಹಾಲು ಬರುವ ಮರ, ಹೆಸರಲ್ಲೂ ಹಲಸು ಇದೆ. ಇದು ಹಲಸಿನ ಸಂಬಂಧವೇ ಸರಿ ಎಂದು ಅವನು ತೀರ್ಮಾನಿಸಿದ. ಆದರೆ ಹಲಸು ಉಳಿಯ ಮಾತು ಕೇಳುತ್ತದೆ. ನಾನು ಕೇಳಲಿಲ್ಲ. ಅವನು ಮತ್ತೆ ಮತ್ತೆ ಉಳಿ ಮಸೆದ, ಬೆವರು ಒರೆಸಿಕೊಂಡ, ಇದು ಮರವೋ ಕಬ್ಬಿಣವೋ ಎಂದು ಗೊಣಗಿದ. ತುಂಡುಗಳನ್ನು ಗೋಡೆಗೆ ಒರಗಿಸಿಟ್ಟ. ಬಿಸಿಲು ಬಿದ್ದ ಮಗ್ಗುಲು ಕೆಲವೇ ವಾರಗಳಲ್ಲಿ ಕಂದಾಯಿತು. ಬಿಸಿಲು ಕಾಣದ ಮಗ್ಗುಲು ಹಳದಿಯಾಗೇ ಉಳಿಯಿತು. ಅದನ್ನು ಅವನು ಗಮನಿಸಿದನೋ ಇಲ್ಲವೋ.

ಮೆಹಮೂದಾ ಅವನ ಕೆಲಸದ ಕೊಟ್ಟಿಗೆಗೆ ಬಂದದ್ದು ಆಗ. ಗಂಡ ತೀರಿಕೊಂಡ ಮೇಲೆ ರೇಷ್ಮೆ ಬಿಚ್ಚುವ ಚರಕವನ್ನು ಅವಳೇ ನಡೆಸುತ್ತಿದ್ದಳು. ಕುದಿಯುವ ಬಾಣಲೆಯಲ್ಲಿ ಗೂಡುಗಳನ್ನು ಬೇಯಿಸಿ, ಎಳೆಗಳ ತುದಿ ಹಿಡಿದು ಕೂಡಿಸುವುದು ಅವಳು. ಪಕ್ಕದ ಓಣಿಯ ಪಿಳ್ಳಮ್ಮ ದೊಡ್ಡ ರಾಟೆಯನ್ನು ತಿರುಗಿಸುವವಳು. ಆ ರಾಟೆಗೆ ಆರು ಪಟ್ಟಿ. ಒದ್ದೆ ನೂಲು ಅವುಗಳ ಮೇಲೆ ಸುತ್ತಿಕೊಳ್ಳುತ್ತದೆ. ಒಂದು ಪಟ್ಟಿ ನೀರು ಕುಡಿದು ಕುಡಿದು ಲಡ್ಡಾಗಿ ಮುರಿದಿತ್ತು. ನೀರಿಗೆ ಕೊಳೆಯದ ಮರ ಬೇಕು ಎಂದಳು. ಕೋನಾಚಾರಿ ನನ್ನನ್ನು ಎತ್ತಿ ಅವಳ ಕೈಗೆ ಕೊಟ್ಟ. ಅವಳ ಕೈ ಒಮ್ಮೆ ಕೆಳಕ್ಕೆ ಜಗ್ಗಿತು. ಇಷ್ಟು ಚಿಕ್ಕದಕ್ಕೆ ಇಷ್ಟು ಭಾರವೇ ಎಂದು ಅವಳು ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದಳು. ನನ್ನನ್ನು ಹಾಗೆ ನೋಡಿದವರಲ್ಲಿ ಅವಳೇ ಮೊದಲಿಗಳು.

ಹೀಗೆ ನಾನು ರಾಟೆಯ ಆರನೇ ಪಟ್ಟಿಯಾದೆ. ಉಳಿದ ಐದೂ ತೇಗ. ಕೆಲಸ ನನಗೆ ಹಿಡಿಸಿತು. ಬಿಸಿನೀರಿನ ಹಬೆ, ಬೆಂದ ಗೂಡಿನ ವಾಸನೆ, ಕೂದಲಿಗಿಂತ ಸಣ್ಣ ಎಳೆ ಮೈಮೇಲೆ ಒಂದರ ಪಕ್ಕ ಒಂದು ಬಂದು ಕೂರುವ ಕಚಗುಳಿ. ಪಿಳ್ಳಮ್ಮ ರಾಟೆ ತಿರುಗಿಸುತ್ತ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಮೆಹಮೂದಾ ಕೇಳುತ್ತಿದ್ದಳು, ಕಣ್ಣು ಮಾತ್ರ ಎಳೆಯ ಮೇಲೆ.

ಕಷ್ಟ ಶುರುವಾದದ್ದು ಸಂತೆಯ ದಿನ. ಮೆಹಮೂದಾಳ ನೂಲನ್ನು ವಾಡಿಕೆಯಾಗಿ ಕೊಳ್ಳುತ್ತಿದ್ದವರು ಬದರಿನಾಥ ಶೆಟ್ಟರು. ಅವಳ ನೂಲು ಬಿಳಿ ಗೂಡಿನದು, ಮಲ್ಲಿಗೆಯಂಥದು. ಅದಕ್ಕೇ ಅವಳಿಗೆ ಹೆಸರು. ಆ ದಿನ ಶೆಟ್ಟರು ರಾಟೆಯಿಂದ ಇಳಿಸಿ ಮಡಿಸಿದ ನೂಲಿನ ಒಂದು ಲಡಿಯನ್ನು ಬಿಡಿಸಿ ಬೆಳಕಿಗೆ ಹಿಡಿದರು. ಮಡಿಕೆಯೊಳಗೆ ಹಳದಿ ಕಂಡಿತು. ಇನ್ನೊಂದನ್ನು ಬಿಡಿಸಿದರು, ಅದರಲ್ಲೂ ಹಳದಿ. ಬಿಳಿ ಗೂಡಿನ ಜೊತೆ ಕೀಳು ದರ್ಜೆಯ ಹಳದಿ ಗೂಡು ಬೆರೆಸಿದ್ದಾಳೆ ಎಂದು ಅವರು ಅಷ್ಟು ಜನರ ಮುಂದೆ ಹೇಳಿದರು. ದನಿ ಎತ್ತರಿಸಲಿಲ್ಲ, ಎತ್ತರಿಸುವ ಅಗತ್ಯವೂ ಇರಲಿಲ್ಲ. ಸುತ್ತ ನಿಂತವರು ಸುಮ್ಮನೆ ತಮ್ಮ ಗಂಟುಗಳನ್ನು ಅವಳ ಗಂಟಿನಿಂದ ದೂರ ಸರಿಸಿಕೊಂಡರು.

ಇದನ್ನು ನಾನು ನೋಡಿದ್ದಲ್ಲ, ಮರುದಿನ ಪಿಳ್ಳಮ್ಮ ಹೇಳುತ್ತ ಅತ್ತದ್ದನ್ನು ಕೇಳಿದ್ದು. ಮೆಹಮೂದಾ ಅಳಲಿಲ್ಲ. ತಿರಸ್ಕೃತವಾದ ಲಡಿಗಳನ್ನು ಚಾಪೆಯ ಮೇಲೆ ಹರಡಿಕೊಂಡು ಕೂತಳು. ಗೂಡು ಕೊಟ್ಟ ರೈತನ ಮೇಲೆ ಪಿಳ್ಳಮ್ಮನಿಗೆ ಅನುಮಾನ. ನೀರೇ ಕೆಟ್ಟಿರಬಹುದು ಎಂದೂ ಹೇಳಿದಳು. ಮೆಹಮೂದಾ ಒಂದು ಲಡಿಯನ್ನು ಎತ್ತಿ ಪೂರ್ತಿ ಬಿಡಿಸಿ, ಎರಡು ಕೈಗೂ ಹಾಕಿ ಅಗಲಿಸಿ ಹಿಡಿದಳು. ಆಗ ಅವಳ ಹುಬ್ಬು ಗಂಟಾಯಿತು.

"ಪಿಳ್ಳಮ್ಮಾ, ಇಲ್ಲಿ ನೋಡು. ಗೂಡಿನ ಬಣ್ಣ ಆಗಿದ್ರೆ ನೂಲಿನ ಉದ್ದಕ್ಕೂ ಬರಬೇಕಿತ್ತು. ಇದು ಒಂದೇ ಜಾಗದಲ್ಲಿ ಐತೆ."

ಎಲ್ಲ ಸುತ್ತುಗಳಲ್ಲೂ ಹಳದಿ ಒಂದೇ ಕಡೆ, ಮೂರು ಬೆರಳು ಅಗಲದ ಪಟ್ಟೆಯಾಗಿ ಇತ್ತು. ಉಳಿದದ್ದೆಲ್ಲ ಮಲ್ಲಿಗೆ. ಅವಳು ಎದ್ದು ಆ ಲಡಿಯನ್ನು ರಾಟೆಗೆ ಮತ್ತೆ ಏರಿಸಿ, ಮೆಲ್ಲಗೆ ಸರಿಸುತ್ತ ಬಂದಳು. ಮೂರು ಬೆರಳಿನ ಪಟ್ಟೆ ಮೂರು ಬೆರಳಿನ ನನ್ನ ಮೈಮೇಲೆ ಬಂದು ಸರಿಯಾಗಿ ಕೂತಿತು.

ಬೇರೆ ಯಾರಾದರೂ ಆಗಿದ್ದರೆ ನನ್ನನ್ನು ಅಲ್ಲೇ ಮುರಿದು ಬಾಣಲೆಯ ಕೆಳಗಿನ ಒಲೆಗೆ ತುರುಕುತ್ತಿದ್ದರು. ಪಿಳ್ಳಮ್ಮ ಅದನ್ನೇ ಹೇಳಿದಳು. ಮೆಹಮೂದಾ ನನ್ನನ್ನು ಬಿಚ್ಚಿ ಚೂರಿಯಿಂದ ಸಣ್ಣ ಚಕ್ಕೆ ಎಬ್ಬಿಸಿ, ಲೋಟದ ಬಿಸಿನೀರಿಗೆ ಹಾಕಿದಳು. ನೀರು ನೋಡನೋಡುತ್ತಲೇ ಚಹದ ಹಾಗೆ ಬಣ್ಣ ಬಿಟ್ಟಿತು, ಆದರೆ ಹಳದಿ. ಅವಳು ಲೋಟವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಸಿಟ್ಟು ಅವಳ ಮುಖದಿಂದ ಯಾವಾಗಲೋ ಇಳಿದುಹೋಗಿತ್ತು. ನೀನು ಯಾರು ಎಂದು ಕೇಳುವಂತಿತ್ತು ಆ ನೋಟ.

ಕೋನಾಚಾರಿಯನ್ನು ಕರೆಸಿದಳು. ಅವನು ಹಲಸು ಎಂದೇ ಪಟ್ಟು ಹಿಡಿದ. ಹಲಸೂ ಬಣ್ಣ ಬಿಡುತ್ತದೆ ಎಂದ. ಹಲಸಿಗೆ ಮುಳ್ಳು ಇರುತ್ತದೆಯೇ ಎಂದು ಅವಳು ಕೇಳಿದಳು. ಅವನು ತಲೆ ಕೆರೆದುಕೊಂಡು, ಆ ಮರದ ಮುಳ್ಳು ಹೆಬ್ಬೆರಳಿಗೆ ಚುಚ್ಚಿ ತಾನು ಎರಡು ದಿನ ಉಳಿ ಹಿಡಿಯಲಾಗದೆ ಕೂತಿದ್ದನ್ನು ನೆನಪಿಸಿಕೊಂಡ. ಸೋತವನ ಹಾಗೇನೂ ಕಾಣಲಿಲ್ಲ. ಅವನಿಗೂ ಕುತೂಹಲ ಹತ್ತಿತು. ಮರಗಳ ಬಗ್ಗೆ ಕಾಲೇಜಿನಲ್ಲಿ ಪಾಠ ಹೇಳುವ ಕುಮುದಿನಿ ಎಂಬುವರು ತನ್ನಲ್ಲಿ ಕಪಾಟು ಮಾಡಿಸಿದ್ದರು, ಅವರ ಹತ್ತಿರ ಹೋಗೋಣ ಎಂದು ಅವನೇ ಹೇಳಿದ.

ಕುಮುದಿನಿ ನನ್ನನ್ನು ಕೈಯಲ್ಲಿ ತೂಗಿ ನೋಡಿದರು. ತುದಿಯನ್ನು ಹರಿತವಾದ ಬ್ಲೇಡಿನಿಂದ ಸವರಿ ಭೂತಗನ್ನಡಿ ಹಿಡಿದರು. ಆಮೇಲೆ ಅದನ್ನು ಮೆಹಮೂದಾಳ ಕೈಗೆ ಕೊಟ್ಟು ನೋಡಲು ಹೇಳಿದರು. ನನ್ನ ವರ್ಷವರ್ಷದ ಗೆರೆಗಳು, ಗೆರೆಗೊಂದು ಸಾಲಿನಂತೆ ದೊಡ್ಡ ತೂತುಗಳು, ಆ ತೂತುಗಳೆಲ್ಲ ಹೊಳೆಯುವ ಪೊರೆಯಿಂದ ಮುಚ್ಚಿಕೊಂಡಿರುವುದು ಅವಳಿಗೆ ಕಂಡಿತು. ನೀರು ಒಳಗೆ ಇಳಿಯದಂತೆ ಮರವೇ ಹಾಕಿಕೊಂಡ ಬಿರಡೆಗಳು ಅವು, ಅದಕ್ಕೇ ಇದು ಸುಲಭಕ್ಕೆ ಕೊಳೆಯುವುದಿಲ್ಲ ಎಂದು ಕುಮುದಿನಿ ವಿವರಿಸಿದರು. ಹಿಪ್ಪುನೇರಳೆಯ ಬಲಿತ ಮರದಲ್ಲೂ ಹೀಗೇ ಕಾಣುತ್ತದೆ, ಅದೂ ಹಳದಿಯೇ. ಎರಡನ್ನೂ ಬೇರೆ ಮಾಡಬೇಕಾದರೆ ನೇರಳೆ ಬೆಳಕಿನ ದೀಪ ಬೇಕು. ನೋಟು ಕಳ್ಳದೋ ಒಳ್ಳೆಯದೋ ಎಂದು ನೋಡುವ ದೀಪವಾದರೂ ಸಾಕು ಎಂದರು.

ಅಂಥ ದೀಪ ಹತ್ತಿರದಲ್ಲಿ ಇದ್ದದ್ದು ಬದರಿನಾಥ ಶೆಟ್ಟರ ಅಂಗಡಿಯಲ್ಲಿ.

ಮೂವರೂ ಅಲ್ಲಿಗೆ ಹೋದರು. ಮೆಹಮೂದಾ ಅಂಗಡಿಯ ಮೆಟ್ಟಿಲ ಕೆಳಗೇ ನಿಂತಳು. ಹೋಗುವುದೋ ಬೇಡವೋ ಎಂದು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ ನನ್ನನ್ನು ಎದೆಗೆ ಒತ್ತಿಕೊಂಡು ಹತ್ತಿದಳು. ಕುಮುದಿನಿ ಕೇಳಿದ್ದಕ್ಕೆ ಶೆಟ್ಟರು ಇಲ್ಲವೆನ್ನಲಾಗದೆ ದೀಪ ಹಚ್ಚಿದರು. ಮೊದಲು ಕುಮುದಿನಿ ತಂದಿದ್ದ ಹಿಪ್ಪುನೇರಳೆಯ ತುಂಡನ್ನು ಇಟ್ಟರು. ಅದು ಮಂಕಾಗಿ ಕೂತಿತು. ಆಮೇಲೆ ನನ್ನನ್ನು ಇಟ್ಟರು. ನನಗೆ ಗೊತ್ತಿಲ್ಲದೆ ನನ್ನೊಳಗೆ ಇದ್ದದ್ದು ಆಗ ಹೊರಗೆ ಬಂತು. ಮಿಂಚುಹುಳುವಿನ ಬೆಳಕಿನಂತೆ ಹಸಿರು ಹಳದಿಯಾಗಿ ಇಡೀ ಮೈ ಹೊಳೆಯಿತು. ಕೋನಾಚಾರಿ ಹೆಗಲ ಟವಲನ್ನು ಕೈಗೆ ತೆಗೆದುಕೊಂಡ. ಶೆಟ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದು ಓಸೇಜ್ ಆರೆಂಜ್," ಎಂದರು ಕುಮುದಿನಿ. "ಹೆಸರಿಗೆ ಕಿತ್ತಳೆ, ಆದ್ರೆ ಕಿತ್ತಳೆ ಅಲ್ಲ. ಅಮೆರಿಕದ ಮರ. ಹಿಪ್ಪುನೇರಳೆಗೂ ಹಲಸಿಗೂ ದೂರದ ನೆಂಟ. ಅಲ್ಲಿನವರು ಇದರಲ್ಲಿ ಬಿಲ್ಲು ಮಾಡ್ತಿದ್ರು, ಬೇಲಿಗೂಟ ಮಾಡ್ತಿದ್ರು, ಚಕ್ಕೆ ಕುದಿಸಿ ಬಟ್ಟೆಗೆ ಬಣ್ಣ ಹಾಕ್ತಿದ್ರು."

ನನಗೊಂದು ಹೆಸರಿದೆ, ನೆಂಟರಿದ್ದಾರೆ, ನನ್ನವರು ಬಿಲ್ಲಾಗಿ ಬಾಗಿದ್ದಾರೆ ಎಂದು ನಾನು ಕೇಳಿದ್ದು ಅದೇ ಮೊದಲು.

ಮೆಹಮೂದಾ ಎದುರಿನ ಹೋಟೆಲಿನಿಂದ ಒಂದು ಚೊಂಬು ಬಿಸಿನೀರು ತರಿಸಿದಳು. ಶೆಟ್ಟರ ಕಪಾಟಿನಿಂದಲೇ ಒಂದು ಬಿಳಿ ಲಡಿ ಕೇಳಿ ಪಡೆದು, ನೆನೆಸಿ ನನಗೆ ಸುತ್ತಿದಳು. ಎಲ್ಲರೂ ಕಾದರು. ಬಿಚ್ಚಿದಾಗ ಅವರದೇ ನೂಲಿನಲ್ಲಿ ಮೂರು ಬೆರಳಿನ ಹಳದಿ ಪಟ್ಟೆ. ಶೆಟ್ಟರು ಅದನ್ನು ನೋಡಿದರು, ಪಕ್ಕಕ್ಕೆ ಇಟ್ಟರು. ಮರದ ವಿಷಯ ತಿಳಿಯಿತು, ಒಳ್ಳೆಯದಾಯಿತು ಎಂದಷ್ಟೇ ಹೇಳಿ ಬೇರೆ ಗಿರಾಕಿಯ ಕಡೆ ತಿರುಗಿದರು. ಮೆಹಮೂದಾ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದಳು.

ಕಲೆಯಾದ ಲಡಿಗಳು ಮನೆಯಲ್ಲಿ ಹಾಗೇ ಬಿದ್ದಿದ್ದವು. ಬೇರೆ ಕೊಳ್ಳುವವರೂ ಅವಳ ಕಡೆ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಮೆಹಮೂದಾ, ಕಲೆ ತೆಗೆಯಲು ಆಗದಿದ್ದರೆ ಕಲೆಯನ್ನೇ ಪೂರ್ತಿ ಮಾಡಿಬಿಡೋಣ ಎಂದಳು. ಕೋನಾಚಾರಿ ನನ್ನ ಒಂದು ಕಡೆಯನ್ನು ಹೆರೆದ. ತನ್ನಲ್ಲಿ ಉಳಿದಿದ್ದ ನನ್ನ ಒಡಹುಟ್ಟಿದ ತುಂಡುಗಳ ಚಕ್ಕೆಯನ್ನೂ ತಂದ. ಎಲ್ಲವನ್ನೂ ಬಾಣಲೆಯಲ್ಲಿ ಕುದಿಸಿ ಸೋಸಿದರು. ಕುಮುದಿನಿ ಹೇಳಿದಂತೆ ಬಣ್ಣ ಹಿಡಿಯಲೆಂದು ನೂಲನ್ನು ಮೊದಲು ಪಟಿಕದ ನೀರಿನಲ್ಲಿ ನೆನೆಸಿದರು. ಮೊದಲ ಸಲ ಬಣ್ಣ ಮಚ್ಚೆಮಚ್ಚೆಯಾಯಿತು. ನೀರು ಹೆಚ್ಚು ಹಾಕಿ, ಉರಿ ತಗ್ಗಿಸಿ, ಕೋಲಿನಿಂದ ಬಿಡದೆ ಮಗುಚಿದಾಗ ಸರಿಯಾಯಿತು. ಹಿತ್ತಲಿನ ಹಗ್ಗದ ಮೇಲೆ ಒಣಗಿದ ಆ ನೂಲನ್ನು ನೋಡಿ ಪಿಳ್ಳಮ್ಮ ಮಾತು ನಿಲ್ಲಿಸಿದಳು. ಅವಳು ಮಾತು ನಿಲ್ಲಿಸಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹೊಂಬಾಳೆ ಬಿಚ್ಚಿದಾಗಿನ ಬಣ್ಣ ಅದು. ಒಗೆದರೂ ಹೋಗಲಿಲ್ಲ.

ಒಬ್ಬ ನೇಕಾರ ಅದನ್ನು ಸೀರೆಯ ಅಂಚಿಗೆ ಕೊಂಡ. ಆ ಸೀರೆ ಯಾವುದೋ ಮದುವೆಯಲ್ಲಿ ಶೆಟ್ಟರ ಮನೆಯ ಹೆಂಗಸರ ಕಣ್ಣಿಗೆ ಬಿತ್ತು. ಮಗಳ ಧಾರೆ ಸೀರೆಗೆ ಅದೇ ಹಳದಿ ಬೇಕೆಂದು ಅವರು ಹಟ ಹಿಡಿದರು. ಹಾಗೆ ಬದರಿನಾಥ ಶೆಟ್ಟರು ಮೆಹಮೂದಾಳ ಮನೆ ಬಾಗಿಲಿಗೆ ಬಂದರು. ನಾನು ಆಗ ಗೂಡಿನ ಬುಟ್ಟಿಯ ಮೇಲೆ ಮಲಗಿದ್ದೆ. ಚಪ್ಪಲಿ ಬಿಟ್ಟು ಒಳಗೆ ಬರುವಾಗ ಅವರ ನಡಿಗೆಯಲ್ಲಿ ಅಂಗಡಿಯಲ್ಲಿದ್ದ ಗತ್ತು ಇರಲಿಲ್ಲ.

ಮೆಹಮೂದಾ ಚಹ ಕೊಟ್ಟಳು. ಅವರು ಕೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ಕೊಡ್ತೀನಿ ಶೆಟ್ರೇ. ನಿಮ್ಮ ಮಗಳಿಗೆ ಅಂದ್ರೆ ಇನ್ನೂ ಚೆನ್ನಾಗಿ ಮಾಡ್ಕೊಡ್ತೀನಿ. ಆದ್ರೆ ನೀವು ಸಂತೆಯಲ್ಲಿ ಒಂದು ಮಾತಂದ್ರಿ. ಅದನ್ನ ಸಂತೆಯಲ್ಲೇ ವಾಪಸ್ ತಗೋಬೇಕು. ಇಲ್ಲಿ ನನ್ನ ಹತ್ರ ಬೇಡ."

ಶೆಟ್ಟರು ಅರ್ಧ ಕುಡಿದ ಲೋಟವನ್ನು ಕೆಳಗಿಟ್ಟರು. ಆಗಲಿ ಎಂದು ಎದ್ದರು.

ಮುಂದಿನ ಸಂತೆಗೆ ಮೆಹಮೂದಾ ನನ್ನನ್ನೂ ಚೀಲದಲ್ಲಿ ಹಾಕಿಕೊಂಡು ಹೋದಳು. ಬೇಕಾದೀತು ಎಂದಿರಬೇಕು. ಬೇಕಾಗಲಿಲ್ಲ. ಶೆಟ್ಟರು ಅದೇ ಜಾಗದಲ್ಲಿ ನಿಂತು, ಆಯಮ್ಮನ ನೂಲಿನಲ್ಲಿ ಬೆರಕೆ ಇರಲಿಲ್ಲ, ರಾಟೆಯ ಮರ ಬಣ್ಣ ಬಿಟ್ಟಿತ್ತು, ವಿಚಾರಿಸದೆ ಮಾತಾಡಿದ್ದು ತನ್ನ ತಪ್ಪು ಎಂದರು. ಎರಡನೆಯ ಸಲ ಕೇಳಿದವರಿಗೆ ಎರಡನೆಯ ಸಲವೂ ಹೇಳಿದರು. ಚೀಲದ ಕತ್ತಲಲ್ಲಿ ನನಗೆ ಮುಖಗಳು ಕಾಣಲಿಲ್ಲ. ಗಂಟುಗಳು ನೆಲದ ಮೇಲೆ ಸರಿಯುವ ಸದ್ದು ಮಾತ್ರ ಕೇಳಿಸಿತು, ಮೆಹಮೂದಾಳ ಗಂಟಿನ ಹತ್ತಿರಕ್ಕೆ.

ಮದುವೆಯ ಹಳದಿಗಾಗಿ ನನ್ನಿಂದ ಇನ್ನಷ್ಟು ಚಕ್ಕೆ ಎದ್ದಿತು. ಉಳಿದದ್ದು ಗೇಣುದ್ದ. ಒದ್ದೆಯಾಗದ ಕೆಲಸವೇ ಇದಕ್ಕೆ ಸರಿ ಎಂದು ಕೋನಾಚಾರಿ ನನ್ನನ್ನು ಚರಕದ ಕೋಣೆಯ ಬಾಗಿಲಿಗೆ ಒಳಗಿನ ಅಗುಳಿ ಮಾಡಿದ. ಮಳೆಗಾಲದಲ್ಲಿ ಬಾಗಿಲೇ ಉಬ್ಬಿದರೂ ನಾನು ಉಬ್ಬುವುದಿಲ್ಲ. ಎಷ್ಟೋ ವರ್ಷಗಳಿಂದ ಇಲ್ಲೇ ಇದ್ದೇನೆ. ಮೈಯೆಲ್ಲ ಕಂದಾಗಿ, ಕೈ ತಾಗುವ ಕಡೆ ನುಣುಪಾಗಿದೆ. ಪಿಳ್ಳಮ್ಮ ಈಗ ಇಲ್ಲ. ಮೆಹಮೂದಾಳ ಕಣ್ಣು ಮಂಜಾಗಿದೆ. ಬಾಣಲೆಯ ಮುಂದೆ ಅವಳ ತಂಗಿಯ ಮಗಳು ಸಬಿಹಾ ಕೂರುತ್ತಾಳೆ. ಮೆಹಮೂದಾ ಬಾಗಿಲ ಪಕ್ಕ, ನನ್ನ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಾಳೆ.

ಮೊನ್ನೆ ರಾಟೆಗೆ ಹೊಸ ಪಟ್ಟಿಯೊಂದು ಬಂತು. ಕೂರಿಸಲು ಹೊರಟ ಸಬಿಹಾಳನ್ನು ಮೆಹಮೂದಾ ತಡೆದು, ಪಟ್ಟಿಯನ್ನು ತನ್ನ ಮಡಿಲಿಗೆ ತರಿಸಿಕೊಂಡಳು. ತೂಗಿದಳು, ಉಗುರಿನಿಂದ ಗೀರಿದಳು, ಮೂಸಿದಳು. ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲೇ ಇಟ್ಟುಕೊಂಡಳು. ಅದು ಎಲ್ಲರಿಗೂ ಗೊತ್ತಿರುವ ತೇಗವಲ್ಲವೇ, ಅದರ ಮೇಲೂ ಅನುಮಾನವೇ ಎಂದು ಸಬಿಹಾ ನಕ್ಕಳು.

"ಅನುಮಾನ ಅಲ್ಲ ಕಣಮ್ಮ," ಎಂದಳು ಮೆಹಮೂದಾ. "ಪರಿಚಯ ಮಾಡ್ಕೊತಿದೀನಿ."